1853ರ ಎನ್‌ಫೀಲ್ಡ್ ಕಾಪಿ: ಕೋವಿ ಬಂಗಾರ, ಮುಂದಿನ ಸೈಟು ಮಾತ್ರ ತಲೆನೋವು

ನನ್ನ ಹತ್ತಿರ ಇರುವುದು ಬ್ರಿಟಿಷ್ ಸೈನ್ಯದ 1853ರ ಎನ್‌ಫೀಲ್ಡ್ ಕೋವಿಯ ಇವತ್ತಿನ ಕಾಪಿ. ನಳಿಗೆಯನ್ನು ಮರಕ್ಕೆ ಬಿಗಿಯುವ ಮೂರು ಲೋಹದ ಪಟ್ಟಿಯದು, ನಳಿಗೆಯ ಬಾಯಿಂದ ಮದ್ದು ತುಂಬುವುದು, ಕೇಪಿನಿಂದ (ಬಡಿದರೆ ಕಿಡಿ ಕೊಡುವ ಪುಟ್ಟ ಲೋಹದ ಟೋಪಿ) ಸಿಡಿಯುವುದು. ಉಳಿದ ಅಳತೆಗಳೆಲ್ಲ ಕಂಪನಿಯ ಕಾಗದದಲ್ಲೇ ಇವೆ, ಅದನ್ನು ಬಿಡಿ. ಕೊಂಡು ವರ್ಷಗಳೇ ಆದವು, ಗುರಿ ಹೊಡೆಯಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಸಿಲ್ಲ. ಈಗ ಬರೆಯುತ್ತಿರುವುದಕ್ಕೆ ಕಾರಣ ಅದರ ಮುಂದಿನ ಸೈಟು, ಅಂದರೆ ಗುರಿ ನೋಡಲು ನಳಿಗೆಯ ತುದಿಯಲ್ಲಿ ನಿಲ್ಲಿಸಿರುವ ಲೋಹದ ಅಲಗು. ಆ ಸಿಟ್ಟನ್ನು ಆಮೇಲೆ ಹೇಳುತ್ತೇನೆ, ಮೊದಲು ಒಳ್ಳೆಯದು.

ಅಸಲಿ ಸಿಗುತ್ತದಲ್ವಾ, ಕಾಪಿ ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಅಸಲಿ ಎನ್‌ಫೀಲ್ಡ್‌ಗಳು ಬೇಕಾದಷ್ಟು ತಯಾರಾಗಿದ್ದವು, ಅಮೆರಿಕದ ಅಂತರ್ಯುದ್ಧಕ್ಕೇ ಸುಮಾರು 9 ಲಕ್ಷ ಹೋದವು ಅಂತ ಲೆಕ್ಕ, ಎರಡೂ ಕಡೆಯವರು ಅದನ್ನೇ ಹಿಡಿದು ಹೊಡೆದಾಡಿದರು. ಆದರೆ ಅಷ್ಟು ಹಳೆಯ ಕಬ್ಬಿಣದ ನಳಿಗೆ ಒಳಗೆ ಎಲ್ಲಿ ತುಕ್ಕು ತಿಂದಿದೆಯೋ ಅನ್ನುವ ಅನುಮಾನದಲ್ಲಿ ಕೆನ್ನೆಯನ್ನು ಹಿಡಿಗೆ ಒತ್ತಿಕೊಂಡು ಹೊಡೆಯುವುದು ನನ್ನಿಂದ ಆಗುವುದಿಲ್ಲ. ಚೆನ್ನಾಗಿ ಉಳಿದಿರುವುದು ನನ್ನ ಜೇಬಿಗೆ ಎಟುಕುವುದೂ ಇಲ್ಲ. ಕಾಪಿಯಾದರೆ ಹೊಸ ಉಕ್ಕು, ಪ್ರೂಫ್ ಹೌಸ್ ಅನ್ನುವ ಕೋವಿ ಪರೀಕ್ಷಾಲಯದಲ್ಲಿ ಪರೀಕ್ಷೆ ಮಾಡಿ ಮುದ್ರೆ ಒತ್ತಿರುತ್ತಾರೆ. ಧೈರ್ಯವಾಗಿ ಬಳಸಬಹುದು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲೂ ಅಸಲಿಗೆ ಬೇರೆ ವರ್ಗ, ಕಾಪಿಗೆ ಬೇರೆ ವರ್ಗ ಇವೆ.

ನಾನು ನಿರೀಕ್ಷೆ ಮಾಡದೇ ಇದ್ದ ಖುಷಿ ಕಾಗದದ ತೋಟಾದ್ದು, ಅಂದರೆ ಮದ್ದು, ಗುಂಡು ಎರಡನ್ನೂ ಒಳಗಿಟ್ಟು ಸುತ್ತುವ ಕಾಗದದ ಸುರುಳಿ. ರಾತ್ರಿ ಊಟ ಮುಗಿದ ಮೇಲೆ ಮೇಜಿನ ಮೇಲೆ ಕಾಗದ, ಸುತ್ತುವ ಮರದ ಕಡ್ಡಿ, ದಾರ ಇಟ್ಟುಕೊಂಡು ಕೂತರೆ ಎದ್ದೇಳಲು ಮನಸ್ಸು ಬರುವುದಿಲ್ಲ. ಬ್ರಿಟಿಷರ ತೋಟಾದಲ್ಲಿ ಒಂದು ಜಾಣತನ ಇದೆ. ಗುಂಡಿನ ಮೂತಿ ಮದ್ದಿನ ಕಡೆಗೆ ಇರುತ್ತದೆ, ಅಂದರೆ ಒಳಗೆ ತಲೆಕೆಳಗು. ಮದ್ದಿನ ತುದಿ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕು, ತೋಟಾವನ್ನು ತಿರುಗಿಸಿ ಕೊಬ್ಬು ಸವರಿದ ತುದಿಯನ್ನು ಕಾಗದದ ಸಮೇತ ನಳಿಗೆಯ ಬಾಯಿಗೆ ತುರುಕಬೇಕು, ಮಿಕ್ಕ ಕಾಗದ ಹರಿದು ಬಿಸಾಡಿ ಗಜದಿಂದ (ನಳಿಗೆಯೊಳಗೆ ತೂರಿಸುವ ಉದ್ದನೆಯ ಸಲಾಕೆ) ಒತ್ತಬೇಕು. ಗುಂಡಿನ ಸುತ್ತ ಕಾಗದವೇ ಇರುವುದರಿಂದ ನಳಿಗೆಗೆ ಸೀಸ ಮೆತ್ತಿಕೊಳ್ಳುವುದು ಕಡಿಮೆ, ಜಾರುವುದೂ ಸಲೀಸು.

ಈ ಕೊಬ್ಬಿನ ವಿಷಯ ನಮಗೆ ಹೊಸದೇನಲ್ಲ. 1857ರಲ್ಲಿ ಹಸು, ಹಂದಿಯ ಕೊಬ್ಬು ಅನ್ನುವ ಸುದ್ದಿ ಹಬ್ಬಿ ಸಿಪಾಯಿಗಳು ತಿರುಗಿ ಬಿದ್ದದ್ದು ಇದೇ ಕೋವಿಯ ತೋಟಾ ನೋಡಿ. ಶಾಲೆಯ ಪಾಠದಲ್ಲಿ ಓದಿದಾಗ ಅದನ್ನು ಬಾಯಲ್ಲಿ ಕಚ್ಚುವುದು ಯಾಕೆ ಅಂತ ಅರ್ಥವಾಗಿರಲಿಲ್ಲ. ಒಂದು ಕೈಯಲ್ಲಿ ಆಳೆತ್ತರದ ಕೋವಿ ಹಿಡಿದು ಇನ್ನೊಂದರಲ್ಲಿ ತೋಟಾ ಹಿಡಿದರೆ ಗೊತ್ತಾಗುತ್ತದೆ, ಹರಿಯಲು ಮೂರನೇ ಕೈ ಇಲ್ಲ. ನಾನು ಜೇನುಮೇಣವನ್ನೇ ಜಾಸ್ತಿ ಹಾಕಿ ಕರಗಿಸುತ್ತೇನೆ. ಬಿಸಿಲಿಗೆ ಸೋರುವುದಿಲ್ಲ, ವಾಸನೆಯೂ ಹಿತ.

ಗುಂಡಿನ ಅಳತೆ ವಿಷಯದಲ್ಲಿ ಕಂಪನಿಯ ಮಾತು ನಂಬಬೇಡಿ. ನಳಿಗೆಯ ಒಳ ಅಳತೆ .577 ಇಂಚು ಅಂತ ಬರೆದಿರುತ್ತಾರೆ, ಅಳೆದರೆ ಒಂದು ಕೋವಿಯದು .578, ಇನ್ನೊಂದರದು .580 ಇರುತ್ತದೆ. ಇದಕ್ಕೆ ಹಾಕುವ ಮಿನಿಯೆ ಅನ್ನುವ ಗುಂಡಿನ ಬುಡ ಟೊಳ್ಳು, ಮದ್ದು ಸಿಡಿದಾಗ ಆ ಬುಡ ಅರಳಿ ನಳಿಗೆಯ ಸುರುಳಿ ಗೀರುಗಳನ್ನು ಕಚ್ಚಿಕೊಳ್ಳಬೇಕು. ಅರಳಬೇಕಾದರೆ ಸೀಸ ಮೆತ್ತಗಿರಬೇಕು, ಬೇರೆ ಲೋಹ ಬೆರೆತ ಗಟ್ಟಿ ಸೀಸ ಆಗದು. ಕಾಗದ ಇಲ್ಲದೆ ಬರಿ ಗುಂಡು ಹಾಕುವುದಾದರೆ ನಳಿಗೆಗಿಂತ ಇಂಚಿನ ಸಾವಿರದ ಒಂದೆರಡು ಭಾಗ ಮಾತ್ರ ಸಣ್ಣದಿರಲಿ. ಅದಕ್ಕಿಂತ ಸಡಿಲವಾದರೆ ಗುಂಡು ಹಲಗೆಗೆ ಅಡ್ಡಡ್ಡ ಬಡಿಯುತ್ತದೆ, ತೂತು ನೋಡಿದರೇ ಗೊತ್ತಾಗುತ್ತದೆ. ನನ್ನ ನಳಿಗೆಗೆ ಸರಿಯಾದ ಅಳತೆ ಸಿಕ್ಕ ದಿನದಿಂದ ತೂತುಗಳು ಒಟ್ಟೊಟ್ಟಿಗೇ ಬೀಳುತ್ತಿವೆ.

ಒಟ್ಟೊಟ್ಟಿಗೇ ಬೀಳುತ್ತಿವೆ, ಆದರೆ ಎಲ್ಲಿ? ಒಂದು ಗೇಣು ಮೇಲೆ. ನನಗೆ ಸಿಟ್ಟು ಬರುವುದು ಇಲ್ಲೇ.

ಎನ್‌ಫೀಲ್ಡ್‌ನ ಹಿಂದಿನ ಸೈಟಿನಲ್ಲಿ ಮೆಟ್ಟಿಲುಗಳಿವೆ, 100 ಗಜದಿಂದ 400 ಗಜದವರೆಗೆ. ಅದರಾಚೆಗೆ ಸೈಟಿನ ಏಣಿಯಂಥ ಪಟ್ಟಿ ಎತ್ತಿ ನಿಲ್ಲಿಸಬೇಕು, 900 ಗಜದವರೆಗೂ ಗುರುತು ಇದೆ. ಸೈನ್ಯಕ್ಕೆ ಅದು ಸರಿ. ಆದರೆ ಇವತ್ತು ಇದನ್ನು ಕೊಳ್ಳುವವರಲ್ಲಿ ಬಹಳ ಜನ 50 ಗಜ, 50 ಮೀಟರಿನಲ್ಲೇ ಹೊಡೆಯುತ್ತಾರೆ. ಅತಿ ತಗ್ಗಿನ ಮೆಟ್ಟಿಲಿಗೆ ಇಳಿಸಿದರೂ ಅದು 100ಕ್ಕೆ ಲೆಕ್ಕ ಹಾಕಿದ್ದು. ಸಾಲದು ಅಂತ ನನ್ನ ಕೋವಿಯ ಮುಂದಿನ ಸೈಟಿನ ಅಲಗು ಮೋಟು, ಅದನ್ನು ಹಿಂದಿನ ಸೈಟಿಗೆ ಸರಿ ಹೊಂದಿಸಲು ನಳಿಗೆಯ ಮೂತಿ ಮೇಲೆತ್ತಬೇಕು. ಕಪ್ಪು ವೃತ್ತಕ್ಕೆ ಗುರಿ ಇಟ್ಟರೆ ಗುಂಡು ಹಾಳೆಯ ಮೇಲಿನ ಅಂಚಿಗೆ. ಹಾಳೆಯ ಕೆಳಗೆ ಏನೂ ಇಲ್ಲದ ಜಾಗಕ್ಕೆ ಗುರಿ ಇಟ್ಟು ಹೊಡೆಯಬೇಕು. ಒಂದು ಗೇಣು ಇಳಿಸಲು ಅಲಗು ಬರೀ 4-5 ಮಿಲಿಮೀಟರ್ ಎತ್ತರ ಆದರೆ ಸಾಕು. ಅಷ್ಟೇ ಲೋಹ! ಎತ್ತರದ ಅಲಗು ಕೊಟ್ಟಿದ್ದರೆ ಅರ ಹಾಕಿ ತಗ್ಗಿಸಿಕೊಳ್ಳುವುದು ನಮ್ಮ ಕೆಲಸ. ತಗ್ಗನ್ನು ಎತ್ತರ ಮಾಡುವುದು ಹೇಗೆ?

ಅದೂ ಸುಲಭದ ರಿಪೇರಿ ಅಲ್ಲ. ಈ ಕೋವಿಯಲ್ಲಿ ಬಯೋನೆಟ್ (ನಳಿಗೆಯ ತುದಿಗೆ ಹಾಕುವ ಈಟಿ) ಸಿಕ್ಕಿಸುವುದೂ ಅದೇ ಸೈಟಿನ ಬುಡಕ್ಕೆ. ಎತ್ತರದ ಅಲಗು ಕೂರಿಸಿದರೆ ಬಯೋನೆಟ್ಟಿನ ಕೊಳವೆ ಅದನ್ನು ದಾಟುವುದಿಲ್ಲ. ಸೇನೆಯ ವೇಷ ಹಾಕಿ ಕವಾಯತು ಮಾಡುವವರಿಗೆ ಬಯೋನೆಟ್ ಬೇಕು, ನನ್ನಂಥವರಿಗೆ ಗುರಿ ಬೇಕು. ಕಂಪನಿ ಮೊದಲನೆಯವರನ್ನು ಮೆಚ್ಚಿಸಿ ಕೂತಿದೆ. ಹಾಗಂತ ಅವರನ್ನಾದರೂ ಪೂರ್ತಿ ಮೆಚ್ಚಿಸಿದೆಯಾ ಅಂದರೆ ಅದೂ ಇಲ್ಲ, ನಳಿಗೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇವತ್ತಿನ ಅಕ್ಷರದಲ್ಲಿ ತನ್ನ ಹೆಸರು ಕೆತ್ತಿದೆ, ಮರದ ಮೇಲೆ ಹೊಳೆಯುವ ದಪ್ಪ ವಾರ್ನಿಷ್ ಬಳಿದಿದೆ. ಹೆಸರು ಹೇಳುವುದಿಲ್ಲ, ಈ ರೋಗ ಒಬ್ಬರದೇ ಅಲ್ಲ. ನಾನು ಕೊನೆಗೆ ಬಯೋನೆಟ್ ಬಿಟ್ಟೆ. ಕೆಲಸ ಗೊತ್ತಿರುವವರ ಕೈಲಿ ಹೊಸ ಅಲಗು ಬೆಸುಗೆ ಹಾಕಿಸಿ, ಸ್ವಲ್ಪ ಸ್ವಲ್ಪವೇ ಅರ ಹಾಕಿ ಇಳಿಸಿಕೊಂಡೆ. ವಾರ್ನಿಷ್ ಕೆರೆದು ಅಗಸೆ ಎಣ್ಣೆ ಉಜ್ಜಿದೆ. ಹೊಸ ಕೋವಿಗೆ ಇಷ್ಟು ಕೆಲಸ ಮಾಡಿಸುವ ಹಾಗಿರಬಾರದು.

ಇಷ್ಟಾದರೂ ಮಾರಿಲ್ಲ, ಮಾರುವುದೂ ಇಲ್ಲ. ಹೊಡೆಯುವ ಮುಂಚೆ ಖಾಲಿ ಕೋವಿಗೆ ಕೇಪು ಇಟ್ಟು, ನಳಿಗೆಯ ಬಾಯನ್ನು ಹುಲ್ಲಿನ ಹತ್ತಿರ ಹಿಡಿದು ಸಿಡಿಸುತ್ತೇನೆ. ಹುಲ್ಲು ಅಲುಗಿದರೆ ದಾರಿ ಚೊಕ್ಕಟ ಇದೆ, ಹಳೆ ಎಣ್ಣೆ ಹೋಗಿದೆ ಅಂತ ಅರ್ಥ. ಆಮೇಲೇ ಮದ್ದು. ಸಂಜೆ ತೊಳೆಯುವುದು ಇನ್ನೊಂದು ಸಂಭ್ರಮ. ಕರಿಮದ್ದಿನ ಕಿಟ್ಟ ಗಾಳಿಯ ತೇವ ಹೀರುತ್ತದೆ, ರಾತ್ರಿ ಬಿಟ್ಟರೆ ಬೆಳಿಗ್ಗೆ ತುಕ್ಕು. ಕೇಪು ಕೂರುವ ಮೊಳೆ ಬಿಚ್ಚಿ ಬಾಯಿಂದ ಬಿಸಿನೀರು ಹೊಯ್ದರೆ ಕೆಳಗಿನ ತೂತಿನಿಂದ ಮಸಿ ನೀರು ಧಾರೆಯಾಗಿ ಇಳಿಯುತ್ತದೆ, ಗಂಧಕ ಇರುವುದರಿಂದ ಕೊಳೆತ ಮೊಟ್ಟೆಯ ನಾತ. ಮನೆಯವರು ಕಿಟಕಿ ತೆಗೆಯುತ್ತಾರೆ, ನನಗೆ ಆ ನಾತವೂ ಇಷ್ಟ. ಗಜಕ್ಕೆ ಸುತ್ತಿದ ಬಟ್ಟೆ ಮೊದಲು ಕಪ್ಪು, ಆಮೇಲೆ ಬೂದಿ, ಆಮೇಲೆ ಬಿಳಿ. ನಳಿಗೆ ಕೈ ಸುಡುವಷ್ಟು ಬಿಸಿಯಾಗಿ ತಾನೇ ಒಣಗುತ್ತದೆ, ಬಿಸಿ ಇರುವಾಗಲೇ ಎಣ್ಣೆ ಬಟ್ಟೆ ಎಳೆದರೆ ಮುಗಿಯಿತು.

ಕೊಳ್ಳುವವರು ಪರವಾನಗಿಯ ನಿಯಮ ಮೊದಲು ನೋಡಿಕೊಳ್ಳಿ, ಕಾಪಿ ಅಂದ ಮಾತ್ರಕ್ಕೆ ಆಟಿಕೆಯಲ್ಲ. ಕರಿಮದ್ದು ಬಿಟ್ಟು ಹೊಗೆರಹಿತ ಮದ್ದು ಯಾವತ್ತೂ ಹಾಕಬೇಡಿ, ನಳಿಗೆ ಸೀಳುತ್ತದೆ. ಮದ್ದಿನ ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬೇಡಿ, ಒಳಗೆ ಕಿಡಿ ಉಳಿದಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ. ಅಂಗಡಿಯಲ್ಲಿ ಮೊದಲು ಮುಂದಿನ ಸೈಟಿನ ಎತ್ತರ ನೋಡಿ, ಆಮೇಲೆ ನಳಿಗೆಯ ಒಳ ಅಳತೆ ತೆಗೆಸಿ. ಅಳೆಯಲು ಒಪ್ಪದಿದ್ದರೆ ಬೇರೆ ಕಡೆ ಹೋಗಿ. ಮರ ಹೊಳೆಯುತ್ತಿದೆಯಾ ಅಂತ ಕೊನೆಗೆ ನೋಡಿದರೂ ನಡೆಯುತ್ತದೆ.