ಹಾರ್ಡ್‌ಶೆಲ್ ರೂಫ್‌ಟಾಪ್ ಟೆಂಟ್: ಮುಂಗಡ ಕಟ್ಟುವ ಮೊದಲು ಈ ಲೆಕ್ಕ ಹಾಕಿ

ಕಾರಿನ ಚಾವಣಿಯ ಮೇಲೆ ಕೂರಿಸುವ, ಗಟ್ಟಿ ಕವಚದ (ಶೆಲ್) ಹಾರ್ಡ್‌ಶೆಲ್ ಟೆಂಟ್ ಕೊಂಡು ಕೈಸುಟ್ಟುಕೊಂಡವರ ಪಾಡು ಬಹುಪಾಲು ಒಂದೇ ಥರ. ಕಾರಿನ ಮ್ಯಾನುಯಲ್‌ನಲ್ಲಿ ಚಾವಣಿಯ ಮಿತಿ 75 ಕೆಜಿ, ಟೆಂಟ್ 68 ಕೆಜಿ, ಇನ್ನೂ 7 ಕೆಜಿ ಉಳಿಯಿತಲ್ಲ ಅನ್ನುವ ಸಮಾಧಾನ. ಆ ಮಿತಿಯೊಳಗೆ ಕ್ರಾಸ್‌ಬಾರ್‌ಗಳ (ಚಾವಣಿಗೆ ಅಡ್ಡಲಾಗಿ ಹಾಕಿ ಟೆಂಟ್ ಕೂರಿಸುವ ಸರಳುಗಳ) ತೂಕವೂ ಸೇರುತ್ತದೆ ಎಂಬುದು ತಲೆಗೆ ಹೋಗಿರುವುದಿಲ್ಲ. ಬಾರ್ ಮತ್ತು ಅದರ ಕಾಲುಗಳಿಗೆ 6 ಕೆಜಿ, ಒಳಗೇ ಮಡಚಿಟ್ಟ ಹೊದಿಕೆ ದಿಂಬುಗಳಿಗೆ 5 ಕೆಜಿ, ಶೆಲ್‌ನೊಳಗೆ ತುರುಕಿದ ಏಣಿಗೆ 6 ಕೆಜಿ. ಒಟ್ಟು 85 ಆಯಿತು. ಮೊದಲ ಗುಂಡಿ ರಸ್ತೆಯಲ್ಲೇ ಬಾರ್‌ನ ಕಾಲು ಸರಿಯುತ್ತದೆ, ಪೇಂಟ್ ಉಜ್ಜಿಹೋಗುತ್ತದೆ, ಬಾಗಿಲಿನ ಮೇಲಂಚು ತಗ್ಗುತ್ತದೆ.

ಮಾರುವವರು ತೋರಿಸುವ ‘300 ಕೆಜಿ’ ಬೇರೆಯೇ ಲೆಕ್ಕ. ಅದು ಸ್ಟ್ಯಾಟಿಕ್ ಲೋಡ್, ಅಂದರೆ ಗಾಡಿ ನಿಂತಿರುವಾಗ ಟೆಂಟಿನ ತಳ ಹೊರುವ ಭಾರ. ನಿಂತ ಚಾವಣಿಗೆ ಟೆಂಟ್, ಅದರೊಳಗೆ ಮಲಗಿದ ಇಬ್ಬರು ಸಾಮಾನ್ಯವಾಗಿ ದೊಡ್ಡ ಹೊರೆಯಲ್ಲ. ಓಡುವಾಗ ಬ್ರೇಕ್, ತಿರುವು, ಗುಂಡಿ ಸೇರಿ ಅದೇ ಭಾರ ಹಲವು ಪಟ್ಟು ಬಲದಿಂದ ಎಳೆದಾಡುತ್ತದೆ. ಅದಕ್ಕೇ ಡೈನಾಮಿಕ್ ಲೋಡ್, ಅಂದರೆ ಗಾಡಿ ಓಡುವಾಗ ಹೊರಬಹುದಾದ ಭಾರ, ಅಷ್ಟು ಕಡಿಮೆ. ಕಾರಿನ ಚಾವಣಿಗೊಂದು, ಬಾರ್‌ಗೊಂದು ಡೈನಾಮಿಕ್ ಮಿತಿ ಇರುತ್ತದೆ. ಎರಡರಲ್ಲಿ ಚಿಕ್ಕದು ಯಾವುದೋ ಅದೇ ನಿಮ್ಮ ಮಿತಿ. ಕಚ್ಚಾ ರಸ್ತೆಗೆ ಕೆಲವು ಬಾರ್ ತಯಾರಕರು ಆ ಮಿತಿಯನ್ನು 1.5ರಿಂದ ಭಾಗಿಸಿ ಎನ್ನುತ್ತಾರೆ. 75 ಕೆಜಿಯ ಬಾರ್ ಅಲ್ಲಿ 50 ಕೆಜಿಯ ಬಾರ್. ಕ್ಯಾಂಪಿಂಗ್‌ಗೆ ಹೋಗುವವರು ಹೋಗುವುದೇ ಅಂಥ ರಸ್ತೆಗೆ! ಗಾಜಿನ ಚಾವಣಿಯ ಕಾರಾದರೆ ಮ್ಯಾನುಯಲ್‌ನ ಆ ಪುಟವನ್ನು ಎರಡು ಸಲ ಓದಿ. ಒಂದೇ ಮಾದರಿಯ ಕಾರಿನಲ್ಲೂ ಗಾಜಿನ ಚಾವಣಿಗೆ ಬೇರೆ ಮಿತಿ ಇರಬಹುದು, ಹೊರೆಯೇ ಬೇಡ ಎಂದೂ ಬರೆದಿರಬಹುದು.

ಎರಡನೆಯ ಪೆಟ್ಟು ಮುಚ್ಚಳದ ದಿಕ್ಕಿನಿಂದ. ಒಂದು ಕಡೆ ಮಾತ್ರ ಏಳುವ ವೆಜ್ ಮಾದರಿಯಲ್ಲಿ ಹಿಂಜ್ (ಮುಚ್ಚಳದ ಕೀಲು) ಗಾಡಿಯ ಮುಂಭಾಗಕ್ಕಿರಬೇಕು. ಆಗ ಹಿಂದಿನ ಲ್ಯಾಚ್ (ಚಿಲಕ) ಕಳಚಿದರೂ ಎದುರುಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಹಿಂಜ್ ಹಿಂದಿದ್ದು ಮುಂದಿನ ಲ್ಯಾಚ್ ಬಿಟ್ಟರೆ ಗಾಳಿ ಒಳನುಗ್ಗಿ ಮುಚ್ಚಳವನ್ನು ಕಿತ್ತೆಸೆಯುತ್ತದೆ. ನಾಲ್ಕೂ ಮೂಲೆ ಏಳುವ ಪಾಪ್‌ಅಪ್ ಮಾದರಿಗೆ ಈ ಆಯ್ಕೆಯೇ ಇಲ್ಲ. ಗ್ಯಾಸ್ ಸ್ಟ್ರಟ್‌ಗಳು, ಅಂದರೆ ಮುಚ್ಚಳ ಎತ್ತುವ ಅನಿಲ ತುಂಬಿದ ಕೊಳವೆಗಳು, ಮೇಲಕ್ಕೆ ತಳ್ಳುತ್ತಿರುತ್ತವೆ, ತಡೆಯುವುದು ಲ್ಯಾಚ್‌ಗಳು ಮಾತ್ರ. ಯಾವ ಮಾದರಿಯೇ ಆಗಲಿ, ಹೆದ್ದಾರಿ ಹಿಡಿಯುವ ಮುನ್ನ ಶೆಲ್ ಸುತ್ತ ಒಂದು ಕ್ಯಾಮ್ ಸ್ಟ್ರಾಪ್ (ಬಕಲ್ ಇರುವ ಪಟ್ಟಿ) ಬಿಗಿಯಿರಿ. ಲ್ಯಾಚ್ ಮುಚ್ಚಲು ಮೊಣಕಾಲು ಊರಬೇಕಾದರೆ ಒಳಗೆ ಹಾಸಿಗೆ ಹೆಚ್ಚಾಗಿದೆ ಎಂದರ್ಥ. ಹಾಗೆ ಒತ್ತಿ ಮುಚ್ಚಿದ ಲ್ಯಾಚ್‌ನ ರಿವೆಟ್ ಸಡಿಲಾಗಲು ಹೆಚ್ಚು ದಿನ ಬೇಡ.

ಸ್ಟ್ರಟ್ ವಿಷಯದಲ್ಲಿ ಇನ್ನೊಂದು ಮಾತು. ಅದರೊಳಗಿನ ಅನಿಲದ ಒತ್ತಡ ಚಳಿಗೆ ಇಳಿಯುತ್ತದೆ: 30 ಡಿಗ್ರಿಯಿಂದ 0 ಡಿಗ್ರಿಗೆ ಬಂದರೆ ಸುಮಾರು ಶೇ 10ರಷ್ಟು. ಮುಚ್ಚಳದ ಮೇಲೆ ಸೋಲಾರ್ ಪ್ಯಾನೆಲ್ ಬೇರೆ ಕೂರಿಸಿದ್ದರೆ ನಡುರಾತ್ರಿ ಅದು ಮೆಲ್ಲಗೆ ಕುಸಿಯಬಹುದು. ಮುಚ್ಚಳದ ಮೇಲೆ ಸಾಮಾನು ಹೇರಬಹುದು ಎಂಬ ಜಾಹೀರಾತಿನ ಮಾತು ಮುಚ್ಚಿದ ಸ್ಥಿತಿಗೋ ತೆರೆಯುವಾಗಲೂ ಅನ್ವಯಿಸುತ್ತದೋ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಇನ್ನು ನೀರು. ಟೆಂಟನ್ನು ಹಾಳುಮಾಡುವುದು ಹೊರಗಿನ ಮಳೆಗಿಂತ ಹೆಚ್ಚಾಗಿ ಒಳಗಿನ ಉಸಿರು. ಇಬ್ಬರು ಮಲಗಿದರೆ ಬೆಳಗಾಗುವುದರೊಳಗೆ ಸುಮಾರು ಅರ್ಧ ಲೀಟರ್ ತೇವ ಗಾಳಿಗೆ ಸೇರಿರುತ್ತದೆ. ಅದು ತಣ್ಣನೆಯ ಅಲ್ಯೂಮಿನಿಯಂ ಶೆಲ್‌ಗೆ ತಾಗಿ ಹನಿಯಾಗಿ ಮುಖದ ಮೇಲೆ ಬೀಳುತ್ತದೆ. ಆದ್ದರಿಂದ ಮುಚ್ಚಳಕ್ಕೆ ಒಳಪದರ ಇಲ್ಲದ ಟೆಂಟ್ ಬೇಡವೇ ಬೇಡ. ಹಾಸಿಗೆಯ ಅಡಿಯಲ್ಲಿ ಇನ್ನೂ ಮೋಸ: ಮೈ ಶಾಖದ ತೇವ ಫೋಮ್ ಮೂಲಕ ಇಳಿದು ತಣ್ಣನೆಯ ತಳದ ಮೇಲೆ ನಿಲ್ಲುತ್ತದೆ, ಮೇಲಿಂದ ಏನೂ ಕಾಣದು. ಕೆಲವೇ ದಿನಗಳಲ್ಲಿ ಫೋಮ್‌ನ ಬೆನ್ನಿಗೆ ಕಪ್ಪು ಬೂಷ್ಟು. ಗಾಳಿಯಾಡುವ ಬಲೆ ಚಾಪೆಯೊಂದು ಅಡಿಗಿದ್ದರೆ ಅರ್ಧ ಕಾಟ ತಪ್ಪಿತು. ಉಳಿದರ್ಧಕ್ಕೆ ರಾತ್ರಿಯೆಲ್ಲ ಎದುರುಬದುರಿನ ಎರಡು ಕಿಟಕಿ ನಾಲ್ಕು ಬೆರಳಷ್ಟಾದರೂ ತೆರೆದಿರಲಿ. ಒದ್ದೆ ಟೆಂಟ್ ಮುಚ್ಚಿಕೊಂಡು ಬರಬೇಕಾದರೆ ಬನ್ನಿ, ಆದರೆ ಮಾರನೆಯ ದಿನವೇ ತೆರೆದು ಹಾಸಿಗೆ ಎತ್ತಿ ನಿಲ್ಲಿಸಿ.

ಮುಚ್ಚುವಾಗ ಬಟ್ಟೆಯ ಅಂಚು ರಬ್ಬರ್ ಸೀಲ್‌ಗೆ ಸಿಕ್ಕಿಕೊಂಡರೆ ಬೆರಳಗಲದ ಮಡಿಕೆ ಸಾಕು, ಅದು ದೀಪದ ಬತ್ತಿಯಂತೆ ಮಳೆನೀರು ಹೀರಿ ಒಳಗಿಳಿಸುತ್ತದೆ. ಸುತ್ತ ಒಂದು ಬಾರಿ ಕೈಯಾಡಿಸಿ ನೋಡಿಯೇ ಲ್ಯಾಚ್ ಹಾಕಿ.

ಕೂರಿಸುವಾಗ ನಟ್ ಬಿಗಿಯಲು ಉದ್ದ ಹಿಡಿಯ ಪಾನಾ ತೆಗೆದುಕೊಂಡು ಬಲ ಹಾಕಬೇಡಿ. ತಳ ಹನಿಕೋಂಬ್ ಪ್ಯಾನೆಲ್ (ಒಳಗೆ ಜೇನುಗೂಡಿನಂತೆ ಟೊಳ್ಳಿರುವ ಹಲಗೆ) ಆಗಿದ್ದರೆ ಅದು ಚಪ್ಪಟೆಯಾಗಿ, ಮೇಲೆ ಬಿಗಿ ಅನಿಸಿದ ಬೋಲ್ಟ್ ಒಳಗೆ ಸಡಿಲಾಗಿರುತ್ತದೆ. ಟಾರ್ಕ್ ಪಾನಾ (ಬಿಗಿತ ಅಳೆಯುವ ಪಾನಾ) ಹಿಡಿದು ಮ್ಯಾನುಯಲ್ ಹೇಳಿದಷ್ಟೇ ತಿರುಗಿಸಿ. ಮೊದಲ 50 ಕಿಮೀ ಓಡಿದ ಮೇಲೆ ಮತ್ತೆ ಪರೀಕ್ಷಿಸಿ. ಟೆಂಟ್ ಇಳಿಸಿ ಏರಿಸುವಾಗ ಹಳೆಯ ನೈಲಾಕ್ ನಟ್‌ಗಳ (ಸಡಿಲಾಗದಂತೆ ಒಳಗೆ ನೈಲಾನ್ ಬಳೆಯಿರುವ ನಟ್) ಬದಲು ಹೊಸದು ಹಾಕಿ, ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್‌ಗೆ ಆ್ಯಂಟಿ ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಸವರಿ, ಇಲ್ಲದಿದ್ದರೆ ನಟ್ ಅರ್ಧದಲ್ಲೇ ಕಚ್ಚಿಕೊಂಡು ಕತ್ತರಿಸಬೇಕಾಗುತ್ತದೆ.

ಅಳತೆ ಮಾತ್ರ ಕೊಳ್ಳುವ ಮೊದಲೇ. ಎರಡು ಬಾರ್‌ಗಳ ನಡುವೆ ಎಷ್ಟು ಅಂತರ ಬೇಕೆಂದು ಟೆಂಟಿನ ಮ್ಯಾನುಯಲ್ ಹೇಳುತ್ತದೆ. ಚಿಕ್ಕ ಕಾರಿನ ಚಾವಣಿಯಲ್ಲಿ ಅಷ್ಟು ಜಾಗ ಸಿಗದಿರಬಹುದು. ಹಿಂಬಾಗಿಲನ್ನು ಪೂರ್ತಿ ಎತ್ತಿ ಅದರ ತುದಿ ಎಲ್ಲಿಗೆ ಬರುತ್ತದೆ ನೋಡಿ, ಆಂಟೆನಾದ ಎತ್ತರ ಅಳೆಯಿರಿ. ಟೆಂಟ್ ಕೂತ ಮೇಲೆ ನೆಲದಿಂದ ಮುಚ್ಚಳದ ತುದಿಯವರೆಗಿನ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿ. ತಳಮಹಡಿ ಪಾರ್ಕಿಂಗ್‌ನ ತೊಲೆಗೆ ಗುದ್ದಿ ಒಡೆದ ಶೆಲ್‌ಗೆ ವಾರಂಟಿ ಸಿಗುವುದಿಲ್ಲ.