ನೇಲ್ ಗನ್: ಮೂರು ಟ್ರಿಗರ್, ಎರಡು ಬಗೆಯ ತರಬೇತಿ

ಗಾಳಿಯ ಒತ್ತಡದಲ್ಲಿ ನಡೆಯುವ ನೇಲ್ ಗನ್ ಕೊಳ್ಳಲು ಹೋದವರು ತೂಕ ಕೇಳುತ್ತಾರೆ, ಎಷ್ಟುದ್ದದ ಮೊಳೆ ಹಿಡಿಯುತ್ತದೆ ಎಂದು ಕೇಳುತ್ತಾರೆ. ಟ್ರಿಗರ್ ಯಾವ ಬಗೆಯದು ಎಂದು ವಿಚಾರಿಸುವವರು ಕಡಿಮೆ. ಗೋಡೆಯ ಚೌಕಟ್ಟಿಗೂ ಪ್ಲೈವುಡ್ ಹೊದಿಕೆಗೂ ಮೂರು ಬಗೆಯನ್ನೂ ಬಳಸಿ ನೋಡಿದ ಮೇಲೆ, ಮೊದಲು ಕೇಳಬೇಕಾದ ಪ್ರಶ್ನೆ ಅದೇ ಎಂದು ನನಗೆ ಖಾತ್ರಿಯಾಗಿದೆ.

ಕಾಂಟ್ಯಾಕ್ಟ್ ಟ್ರಿಗರ್‌ನಲ್ಲಿ ಬೆರಳು ಒತ್ತಿಯೇ ಇದ್ದರೂ ಸರಿ, ಮೂತಿ (ಅದರ ತುದಿಯ ಸುರಕ್ಷಾ ಭಾಗ ಒಳಕ್ಕೆ ಒತ್ತಿದರಷ್ಟೇ ಗನ್ ಹೊಡೆಯುತ್ತದೆ) ಮರಕ್ಕೆ ತಾಗಿದಾಗಲೆಲ್ಲ ಮೊಳೆ ಇಳಿಯುತ್ತದೆ. ನೆಲದ ಮೇಲೆ ಹಾಸಿದ ಪ್ಲೈವುಡ್‌ಗೆ ಸಾಲಾಗಿ ಹೊಡೆಯುವಾಗ ಇದರಷ್ಟು ಸಲೀಸು ಬೇರೊಂದಿಲ್ಲ. ಅಪಾಯವೂ ಅಲ್ಲೇ ಇದೆ. ಮೊಳೆ ಹಾರಿದೊಡನೆ ಗನ್ ಹಿಂದಕ್ಕೆ ಒದೆಯುತ್ತದೆ, ಕೈ ತಾನಾಗಿಯೇ ಅದನ್ನು ಮುಂದಕ್ಕೆ ಒತ್ತುತ್ತದೆ, ಬೆರಳಿನ್ನೂ ಸಡಿಲಾಗಿರುವುದಿಲ್ಲ. ಎರಡನೇ ಮೊಳೆ ಹೊರಟೇಬಿಡುತ್ತದೆ. ಭುಜಕ್ಕಿಂತ ಮೇಲೆ ಅಥವಾ ಏಣಿಯ ಮೇಲೆ ನಿಂತು ಕೆಲಸ ಮಾಡುವಾಗ ಆ ಒದೆತವನ್ನು ತಡೆದುಕೊಳ್ಳುವುದು ಇನ್ನೂ ಕಷ್ಟ. ಟ್ರಿಗರ್ ಒತ್ತಿಕೊಂಡೇ ಓಡಾಡುವ ಅಭ್ಯಾಸ ಇದ್ದವರ ಗನ್ ಮೂತಿ ಪಕ್ಕದವರ ತೊಡೆಗೆ ತಾಗಿದರೂ ಸಾಕು.

ಸಿಂಗಲ್ ಸೀಕ್ವೆನ್ಷಿಯಲ್‌ನಲ್ಲಿ ಮೊದಲು ಮೂತಿ ಒತ್ತಬೇಕು, ಆಮೇಲೆ ಟ್ರಿಗರ್. ಆದರೆ ಎರಡನೇ ಮೊಳೆಗೆ ಟ್ರಿಗರ್ ಬಿಟ್ಟು ಒತ್ತಿದರೆ ಸಾಕು, ಮೂತಿ ಎತ್ತಬೇಕಿಲ್ಲ. ಎಳೆದುಕೊಂಡು ಹೋಗಿ ಹೊಡೆಯಲು ಅನುಕೂಲವೇನೋ ಹೌದು, ಆದರೂ ನನಗೆ ಇದು ಅತ್ತಲೂ ಇಲ್ಲ ಇತ್ತಲೂ ಇಲ್ಲ.

ಫುಲ್ ಸೀಕ್ವೆನ್ಷಿಯಲ್‌ನಲ್ಲಿ ಪ್ರತಿ ಮೊಳೆಗೂ ಮೂತಿ, ಟ್ರಿಗರ್ ಎರಡನ್ನೂ ಬಿಟ್ಟು ಮತ್ತೆ ಅದೇ ಕ್ರಮದಲ್ಲಿ ಒತ್ತಬೇಕು. ಆರಂಭದಲ್ಲಿ ಬೆರಳು ಸೋಲುತ್ತದೆ, ಆಮೇಲೆ ಕೈಗೆ ಲಯ ಸಿಗುತ್ತದೆ. ಓರೆಯಾಗಿ ಮೊಳೆ ಹೊಡೆಯುವಾಗ ನನಗೆ ಇದೇ ಇಷ್ಟ: ಮೂತಿ ಊರಿ, ಜಾಗ ನೋಡಿ, ಮನಸ್ಸು ಒಪ್ಪಿದ ಮೇಲೆ ಒತ್ತಬಹುದು.

ವೇಗದ ಮಾತಿಗೆ ಬಂದರೆ, ಕಾಂಟ್ಯಾಕ್ಟ್ ಮುಂದಿದೆ ಎಂಬುದು ನಿಜ. ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಅಮೆರಿಕದ ಓಶಾ ಮತ್ತು ನಯೋಶ್ ಸಂಸ್ಥೆಗಳು 2011ರಲ್ಲಿ ಹೊರತಂದ ನೇಲ್ ಗನ್ ಸುರಕ್ಷತಾ ಕೈಪಿಡಿ ಒಂದು ಪ್ರಯೋಗವನ್ನು ಹೇಳುತ್ತದೆ. ಪಳಗಿದ ಬಡಗಿಗಳು ಒಂದೇ ಅಳತೆಯ ಎರಡು ಸಣ್ಣ ಕಟ್ಟಡಗಳಲ್ಲಿ ಒಂದನ್ನು ಕಾಂಟ್ಯಾಕ್ಟ್, ಇನ್ನೊಂದನ್ನು ಸೀಕ್ವೆನ್ಷಿಯಲ್ ಟ್ರಿಗರ್‌ನಲ್ಲಿ ಕಟ್ಟಿದರು. ಮೊಳೆ ಹೊಡೆಯುವ ಸಮಯದಲ್ಲಿ ಕಾಂಟ್ಯಾಕ್ಟ್‌ನಿಂದ ಉಳಿತಾಯವಾದದ್ದು 10%. ಇಡೀ ಕಟ್ಟಡದ ಸಮಯದಲ್ಲಿ ಅದು 1%ಕ್ಕಿಂತ ಕಡಿಮೆ. ನನ್ನ ಅನುಭವವೂ ಇದೇ. ಹೊತ್ತು ಹೋಗುವುದು ಅಳೆಯಲು, ಕೊಯ್ಯಲು, ಮರ ಎತ್ತಿ ಹೊಂದಿಸಲು. ಗಾಯದ ಅಪಾಯವೋ, ಅದೇ ಕೈಪಿಡಿಯ ಪ್ರಕಾರ ಕಾಂಟ್ಯಾಕ್ಟ್‌ನಲ್ಲಿ ಸೀಕ್ವೆನ್ಷಿಯಲ್‌ನ ಎರಡು ಪಟ್ಟು. ಇಷ್ಟು ಅಲ್ಪ ಲಾಭಕ್ಕೆ ಹೊಸಬನ ಕೈ ಒತ್ತೆ ಇಡುವುದು ಅನ್ಯಾಯ.

ತರಬೇತಿಯಲ್ಲೂ ಎರಡು ದಾರಿ ನೋಡಿದ್ದೇನೆ. ವಿಡಿಯೊ ತೋರಿಸಿ, ಸಹಿ ಹಾಕಿಸಿ, ಗನ್ ಕೊಟ್ಟುಬಿಡುವುದು ಒಂದು. ಕಾಗದಕ್ಕೆ ಅದು ಸಾಕು, ಕೈಗೆ ಏನೂ ಬರುವುದಿಲ್ಲ. ಇನ್ನೊಂದು, ಉಳಿಕೆ ಮರದ ತುಂಡುಗಳ ಮೇಲೆ ಪಳಗಿದವರೊಬ್ಬರು ಪಕ್ಕದಲ್ಲಿ ನಿಂತು ಹೊಡೆಸುವುದು. ಗಂಟಿಗೆ ತಾಗಿದ ಮೊಳೆ ಹೇಗೆ ಬಾಗಿ ಪಕ್ಕದಿಂದ ಹೊರಬರುತ್ತದೆ ಎಂದು ಕಣ್ಣಾರೆ ಕಂಡವನಿಗೆ, ಮರ ಹಿಡಿದ ಕೈ ಕನಿಷ್ಠ 30 ಸೆಂ.ಮೀ. ದೂರ ಇರಬೇಕೆಂದು ಮತ್ತೆ ಮತ್ತೆ ಹೇಳಬೇಕಾಗಿಲ್ಲ. ತನ್ನ ಗನ್ನಿನ ಟ್ರಿಗರ್ ಯಾವುದೆಂದು ಗನ್ ಜೊತೆ ಬಂದ ಕೈಪಿಡಿ ನೋಡಿ, ಹೊಡೆದು ಖಚಿತಪಡಿಸಿಕೊಳ್ಳುವುದನ್ನೂ ಅಲ್ಲೇ ಕಲಿಸಬೇಕು.

ಮೊಳೆ ಸಿಕ್ಕಿಕೊಂಡಾಗ, ಏಣಿ ಹತ್ತುವಾಗ, ಗನ್ ಇನ್ನೊಬ್ಬರಿಗೆ ಕೊಡುವಾಗ ಏರ್ ಹೋಸ್ ಬಿಚ್ಚುವ ಅಭ್ಯಾಸವೂ ಹೀಗೆ ಮಾಡಿಸಿದರಷ್ಟೇ ಕೂರುತ್ತದೆ. ಮೂತಿಯ ಸುರಕ್ಷಾ ತುದಿಯನ್ನು ಕಟ್ಟುವುದು, ಕಿತ್ತುಹಾಕುವುದು ಯಾರೇ ಹೇಳಿದರೂ ಕೂಡದು. ಕಣ್ಣಿಗೆ ಬಲವಾದ ಕನ್ನಡಕ, ಕಿವಿಗೆ ರಕ್ಷಣೆ ಇದ್ದೇ ಇರಲಿ.

ಕೈಗೆ ಮೊಳೆ ಚುಚ್ಚಿದರೆ ನೋವು ಕಡಿಮೆ ಇದೆ ಎಂದು ಬಟ್ಟೆ ಸುತ್ತಿ ಕೆಲಸಕ್ಕೆ ಮರಳುವವರನ್ನು ತಡೆಯಿರಿ. ಇಂಥ ಗಾಯಗಳಲ್ಲಿ ನಾಲ್ಕರಲ್ಲೊಂದರಷ್ಟು ಕೀಲು, ನರ, ಸ್ನಾಯುರಜ್ಜು ಅಥವಾ ಮೂಳೆಗೆ ಪೆಟ್ಟು ಮಾಡಿರುತ್ತವೆ, ವೈದ್ಯರೇ ನೋಡಬೇಕು.

ನನ್ನ ಆಯ್ಕೆ: ಕಲಿಯುವವರಿಗೆಲ್ಲ ಫುಲ್ ಸೀಕ್ವೆನ್ಷಿಯಲ್, ಚೌಕಟ್ಟಿನ ಕೆಲಸಕ್ಕೆ ಪಳಗಿದವರಿಗೂ ಅದೇ. ಕಾಂಟ್ಯಾಕ್ಟ್ ಇಡಲೇಬೇಕೆಂದರೆ ಸಮತಟ್ಟಾದ ಹೊದಿಕೆಗೆ, ಅನುಭವಿಗಳ ಕೈಗೆ ಮಾತ್ರ. ಗನ್ ಸರಿಯಾಗಿ ಹಿಡಿಯಲು ಬಾರದಷ್ಟು ಇಕ್ಕಟ್ಟಾದ ಮೂಲೆಗೆ ಸುತ್ತಿಗೆ ತೆಗೆದುಕೊಳ್ಳಿ.