ರೇಡಿಯೋ ಸಾರಂಗ್ 107.8: ನಮ್ಮ ಊರಿನ ಭಾಷೆ ಕೇಳ್ಬೇಕಾದ್ರೆ ಇದನ್ನೇ ಹಾಕಿ

ಮಂಗಳೂರಲ್ಲಿ ಇರುವವರು ರೇಡಿಯೋ ಸಾರಂಗ್ ಒಮ್ಮೆ ಕೇಳ್ಲೇಬೇಕು ಮಾರಾಯ್ರೆ. ಸಂತ ಅಲೋಶಿಯಸ್ ಕಾಲೇಜಿನವರು (ಈಗ ಅದು ಡೀಮ್ಡ್ ವಿಶ್ವವಿದ್ಯಾಲಯ) ನಡೆಸುವ ಸಮುದಾಯ ರೇಡಿಯೋ ಇದು, 107.8 ಎಫ್‌ಎಂ. ಕಮರ್ಷಿಯಲ್ ಚಾನೆಲ್‌ಗಳಲ್ಲಿ ಅದೇ ಸಿನಿಮಾ ಹಾಡು, ಅದೇ ಜಾಹೀರಾತು, ಇಲ್ಲಿ ಹಾಗಲ್ಲ, ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿ ಎಲ್ಲ ಕೇಳ್ಲಿಕ್ಕೆ ಸಿಗ್ತದೆ. ಬ್ಯಾರಿ ಭಾಷೆ ರೇಡಿಯೋದಲ್ಲಿ ಬರುವುದೇ ಅಪರೂಪ, ಅದಕ್ಕೇ ನನಗೆ ಈ ಸ್ಟೇಷನ್ ಮೇಲೆ ಅಷ್ಟು ಪ್ರೀತಿ. ಊರಿನ ಕಲಾವಿದರು, ಕೃಷಿಕರು, ಮೀನುಗಾರರು, ಕಾಲೇಜು ಮಕ್ಕಳು ತಮ್ಮ ಮಾತಲ್ಲೇ ಮಾತಾಡ್ತಾರೆ, ಯಾರೋ ಬೆಂಗಳೂರಿಂದ ಬರೆದು ಕಳಿಸಿದ ಸ್ಕ್ರಿಪ್ಟ್ ಓದಿದ ಹಾಗೆ ಇರುವುದಿಲ್ಲ. ನಿರೂಪಣೆಯಲ್ಲಿ ಆ ಅತಿಯಾದ ಗಡಿಬಿಡಿ ಇಲ್ಲ, ಕೆಲಸ ಮಾಡ್ತಾ ಆರಾಮಾಗಿ ಕೇಳ್ಬಹುದು.

ಒಂದು ವಿಷಯ ಗೊತ್ತಿರ್ಲಿ, ಸಮುದಾಯ ರೇಡಿಯೋಗಳಿಗೆ ಸಾಮಾನ್ಯವಾಗಿ 100 ವ್ಯಾಟ್ ಶಕ್ತಿಗಷ್ಟೇ ಸರ್ಕಾರದ ಅನುಮತಿ, ಹಾಗಾಗಿ ಸಿಗ್ನಲ್ ಹತ್ತು ಹದಿನೈದು ಕಿಲೋಮೀಟರ್ ದಾಟುವುದು ಕಷ್ಟ, ಗುಡ್ಡ ಅಡ್ಡ ಬಂದ್ರೆ ಇನ್ನೂ ಕಡಿಮೆ. ಸ್ವಂತ ಸುದ್ದಿ ಓದ್ಲಿಕ್ಕೂ ಇವರಿಗೆ ಬಿಡುವುದಿಲ್ಲ, ಸುದ್ದಿ ಹಾಕುವುದಿದ್ರೆ ಆಕಾಶವಾಣಿಯದ್ದನ್ನೇ ಹಾಕ್ಬೇಕು, ಇದು ಬದಲಾಗ್ಲೇಬೇಕಾದ ನಿಯಮ ಅಂತ ನನಗನ್ನಿಸ್ತದೆ. ಹಾಡೋ, ತಾಳಮದ್ದಳೆಯೋ, ನಾಟಕವೋ ಮಾಡುವವರು ನಿಮ್ಮಲ್ಲಿ ಯಾರಾದ್ರೂ ಇದ್ರೆ ಬರೀ ಕೇಳಿ ಸುಮ್ಮನಿರ್ಬೇಡಿ, ಸ್ಟುಡಿಯೋದವರನ್ನು ಹೋಗಿ ಮಾತಾಡಿಸಿ.